ಸಸ್ಯಸಾರಗಳೂ ಪ್ರಾಣಿಪ್ರಯೋಗಗಳೂ: ನಿಪ್ಪಾಣಿಯ ತಂಬಾಕಿನ ನಿದರ್ಶನದೊಡನೆ

ಬೆಳಗಾವಿ ಜಿಲ್ಲೆಯಲ್ಲಿ ಮಹಾರಾಷ್ಟ್ರದ ಗಡಿಯ ಕಡೆಗೆ ಹರಡಿಕೊಂಡಿರುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳಲ್ಲಿ ಮನೆಮದ್ದಿನ ರೂಢಿಯು ಇಂದಿಗೂ ಅಳಿದಿಲ್ಲ. ಗಾಯಕ್ಕೂ ಕೆಮ್ಮಿಗೂ ಅರಿಷಿಣ. ಕಾಮಣಿಗೆ ಹೊಲದ ಬದುವಿನ ನೆಲನೆಲ್ಲಿ. ಹಲ್ಲುಜ್ಜುವುದಕ್ಕೆ ಹುರಿದು ಪುಡಿಮಾಡಿದ ತಂಬಾಕು, ಅಂದರೆ ಮಿಶ್ರಿ. ಇಂಥ ಗಿಡಗಳಲ್ಲಿ ಒಂದನ್ನು ಆಯ್ದು, ಸಾರವನ್ನು ತೆಗೆದು, ಇಲಿಗಳಿಗೆ ಕುಡಿಸಿ, ಅದರ ಗುಣದೋಷಗಳನ್ನು ಅಳೆಯುವ ಕಾರ್ಯವು ಈಗ ನಮ್ಮ ಕಾಲೇಜುಗಳಲ್ಲಿಯೂ ನಡೆಯುತ್ತಿದೆ. ನಿಪ್ಪಾಣಿಯಲ್ಲಿಯೇ ಔಷಧಶಾಸ್ತ್ರದ ಕಾಲೇಜೊಂದು ಇದೆ. ಬೆಳಗಾವಿಯಲ್ಲಿ ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿಯು 2006ರಲ್ಲಿ ಸ್ಥಾಪಿಸಿದ ಸಂಶೋಧನ ಕೇಂದ್ರವು ಈಗ ರಾಷ್ಟ್ರೀಯ ಪಾರಂಪರಿಕ ವೈದ್ಯ ಸಂಸ್ಥೆಯಾಗಿ ಔಷಧಿ ಸಸ್ಯಗಳ ಅಧ್ಯಯನದಲ್ಲಿ ತೊಡಗಿದೆ.

ಈ ಬಗೆಯ ಪ್ರಬಂಧಗಳ ಕೊನೆಯಲ್ಲಿ ಬಹುಶಃ ತಪ್ಪದೆ ಕಾಣುವ ವಾಕ್ಯವೊಂದುಂಟು: ‘ಆದುದರಿಂದ ಈ ಸಾರವು ಸುರಕ್ಷಿತವೆಂದು ಸಿದ್ಧವಾಯಿತು.’ ಈ ‘ಸುರಕ್ಷಿತ’ ಎಂಬ ಪದದ ಅರ್ಥವೇನು, ಅದು ಎಷ್ಟು ಭಾರವನ್ನು ಹೊರಬಲ್ಲದು ಎಂಬುದನ್ನು ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ. ಪ್ರಾಣಿಪ್ರಯೋಗವು ತನ್ನ ಮುಂದಿಟ್ಟ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. ಯಾವ ಭಾಗದ, ಯಾವ ದ್ರಾವಕದ ಸಾರವನ್ನು, ಯಾವ ಪ್ರಾಣಿಗೆ, ಯಾವ ಮಾರ್ಗದಿಂದ, ಎಷ್ಟು ದಿನ ಕೊಟ್ಟೆವೆಂಬುದನ್ನು ಬಿಟ್ಟು ಅದರ ಉತ್ತರಕ್ಕೆ ಅರ್ಥವಿಲ್ಲವೆಂಬುದು ನಮ್ಮ ಅಭಿಪ್ರಾಯ. ಇದನ್ನು ತಿಳಿಯಲು ದೂರದ ನಿದರ್ಶನಗಳು ಬೇಕಾಗಿಲ್ಲ. ಈ ನಾಡಿನಲ್ಲಿ ತಲೆಮಾರುಗಳಿಂದ ಬೆಳೆದು ಬಂದಿರುವ ತಂಬಾಕೇ ಸಾಕು.

ತಂಬಾಕು ಉಳಿದ ಗಿಡಗಳಷ್ಟೇ ‘ನೈಸರ್ಗಿಕ’ವಾದ ಗಿಡ. ನಿಪ್ಪಾಣಿಯ ಸುತ್ತಿನ ಬೀಡಿ ತಂಬಾಕಿಗೆ ದೇಶದಲ್ಲೆಲ್ಲ ಹೆಸರಿದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಸಂಶೋಧನ ಕೇಂದ್ರವೊಂದು ಅದಕ್ಕಾಗಿಯೇ ಅಲ್ಲಿ ಇದೆ. ಬೆಲೆಗಾಗಿ 1981ರಲ್ಲಿ ರೈತರು ನಡೆಸಿದ ಚಳವಳಿಯೂ, ಅದರ ಕೊನೆಗೆ ನಡೆದ ಗೋಲೀಬಾರೂ ಈ ಭಾಗದವರ ನೆನಪಿನಲ್ಲಿ ಉಳಿದಿವೆ. ವಖಾರಿಗಳಲ್ಲಿ ಎಲೆಯನ್ನು ಬಡಿದು, ಜರಡಿ ಹಿಡಿದು, ಪುಡಿಯನ್ನು ಬೇರ್ಪಡಿಸುವ ಕೆಲಸದಲ್ಲಿ ಹೆಚ್ಚಾಗಿ ಹೆಣ್ಣುಮಕ್ಕಳೇ ಇರುತ್ತಾರೆ. ಅವರ ದುಡಿಮೆಯನ್ನೂ ಸಂಘಟನೆಯನ್ನೂ ಕುರಿತು ಯುಗಾಂತರ ಎಂಬ ಮಹಿಳೆಯರ ಚಲಚ್ಚಿತ್ರ ತಂಡವು 1982ರಲ್ಲಿ ಸಾಕ್ಷ್ಯಚಿತ್ರವೊಂದನ್ನು ತಯಾರಿಸಿತು. ಈ ಸಂಗತಿಗಳು ವಿಷಶಾಸ್ತ್ರಕ್ಕೆ ಹೊರಗಿನವೆಂದು ಕೆಲವರಿಗೆ ತೋರಬಹುದು. ನಮಗೆ ಹಾಗೆ ತೋರುವುದಿಲ್ಲ. ಪ್ರಯೋಗಶಾಲೆಯಲ್ಲಿ ನಾವು ಇಲಿಗೆ ಕೊಡುವ ಪದಾರ್ಥವು ಹೊರಗೆ ಯಾರ ಮೈಗೆ, ಯಾವ ದಾರಿಯಿಂದ ಸೇರುತ್ತಿದೆ ಎಂಬುದನ್ನು ಅರಿಯದೆ ಪ್ರಶ್ನೆಯನ್ನು ಸರಿಯಾಗಿ ಹಾಕಲು ಬರುವುದಿಲ್ಲ.

ಮೊದಲು ಸಾರವೆಂದರೇನೆಂಬುದನ್ನು ನೋಡೋಣ. ಗಿಡವನ್ನು ಗುರುತಿಸಿ, ಅದರ ಒಣಗಿಸಿದ ಮಾದರಿಯೊಂದನ್ನು ಸಸ್ಯಸಂಗ್ರಹದಲ್ಲಿ ಅಂಕೆಯೊಡನೆ ಇಟ್ಟ ಬಳಿಕ, ಬೇಕಾದ ಭಾಗವನ್ನು ನೆರಳಿನಲ್ಲಿ ಒಣಗಿಸಿ ಪುಡಿಮಾಡುತ್ತಾರೆ. ಆ ಪುಡಿಯ ಮೇಲೆ ನೀರು, ಮದ್ಯಸಾರ, ಹೆಕ್ಸೇನ್ ಮುಂತಾದ ದ್ರಾವಕವನ್ನು ಹಾಯಿಸುತ್ತಾರೆ. ಜರ್ಮನಿಯ ಸಾಕ್ಸ್‌ಲೆಟ್ 1879ರಲ್ಲಿ ಹಾಲಿನ ಕೊಬ್ಬನ್ನು ಅಳೆಯುವುದಕ್ಕಾಗಿ ರಚಿಸಿದ ಗಾಜಿನ ಉಪಕರಣವೇ ಇಂದಿಗೂ ಈ ಕೆಲಸಕ್ಕೆ ಒದಗುತ್ತಿದೆ. ದ್ರಾವಕವನ್ನು ಆವಿಮಾಡಿ ಕಳೆದರೆ ಉಳಿಯುವ ಅಂಟಾದ ಶೇಷವೇ ಸಾರ. ನೀರು ಲವಣಗಳನ್ನೂ ಸಕ್ಕರೆಗಳನ್ನೂ ಕೆಲವು ವರ್ಣದ್ರವ್ಯಗಳನ್ನೂ ಎಳೆದುಕೊಳ್ಳುತ್ತದೆ. ಹೆಕ್ಸೇನ್ ಎಣ್ಣೆಗಳನ್ನೂ ಮೇಣಗಳನ್ನೂ ಎಳೆದುಕೊಳ್ಳುತ್ತದೆ. ಒಂದೇ ಎಲೆಯಿಂದ ಎರಡು ದ್ರಾವಕಗಳು ಎರಡು ಬೇರೆ ಪದಾರ್ಥಗಳನ್ನೇ ಹೊರತರುತ್ತವೆಂದರೆ ಅತಿಶಯೋಕ್ತಿಯಲ್ಲ.

ತಂಬಾಕಿನ ಮುಖ್ಯ ಕ್ಷಾರಾಭವಾದ ನಿಕೋಟಿನನ್ನು ಹೈಡೆಲ್ಬರ್ಗಿನ ಪೊಸೆಲ್ಟ್ ಮತ್ತು ರೈಮಾನ್ ಎಂಬವರು 1828ರಲ್ಲಿ ಬೇರ್ಪಡಿಸಿದರು. ಎಲೆಯಲ್ಲಿ ಅದು ಆಮ್ಲಗಳೊಡನೆ ಕೂಡಿ ಲವಣರೂಪದಲ್ಲಿ ಇರುತ್ತದೆ. ಆ ರೂಪದಲ್ಲಿ ನೀರಿಗೆ ಸುಲಭವಾಗಿ ಇಳಿಯುತ್ತದೆ. ಆದರೆ ಸುಣ್ಣದಂಥ ಕ್ಷಾರವನ್ನು ಬೆರೆಸಿ ಕುದಿಸಿದರೆ ನಿಕೋಟಿನ್ ಬಿಡುಗಡೆಯಾಗಿ ಹಬೆಯೊಡನೆ ಹಾರಿಹೋಗುತ್ತದೆ. ಹೀಗೆ ತಯಾರಾದ ಕಷಾಯವನ್ನು ಇಲಿಗೆ ಕುಡಿಸಿ, ಅದು ಸಾಯಲಿಲ್ಲವೆಂದು ತಂಬಾಕಿಗೆ ಪ್ರಶಸ್ತಿಪತ್ರ ಕೊಡುವುದು ಎಷ್ಟರ ಮಟ್ಟಿಗೆ ಯುಕ್ತ? ಇನ್ನೊಂದು ಸಂಗತಿಯೂ ಗಮನಾರ್ಹ. ತಂಬಾಕಿನಲ್ಲಿ ಕ್ಯಾನ್ಸರಿಗೆ ಕಾರಣವಾಗುವ ನೈಟ್ರೊಸಮೀನುಗಳು ಹಸಿ ಎಲೆಯಲ್ಲಿ ತೀರ ಅಲ್ಪ. ಎಲೆಯನ್ನು ಒಣಗಿಸಿ ಹದಗೊಳಿಸುವ ಕಾಲದಲ್ಲಿ ಅವು ಹೆಚ್ಚಾಗಿ ಉತ್ಪನ್ನವಾಗುತ್ತವೆ. ಹೊಲದಿಂದ ತಂದ ಹಸಿ ಎಲೆಯ ಸಾರದ ಪರೀಕ್ಷೆಯು ವಖಾರಿಯ ಪುಡಿಯ ವಿಷಯದಲ್ಲಿ ಸಾಕ್ಷ್ಯವಾಗಲಾರದು. ಗಿಡ ಒಂದೇ ಆದರೂ ಪದಾರ್ಥ ಬೇರೆ.

ಸಾರ ಸಿದ್ಧವಾದ ಮೇಲೆ ಸಾಮಾನ್ಯವಾಗಿ ನಡೆಯುವುದು ತೀವ್ರ ವಿಷಪರೀಕ್ಷೆ. ಒಂದು ಗುಂಪಿನ ಪ್ರಾಣಿಗಳಲ್ಲಿ ಅರ್ಧವನ್ನು ಕೊಲ್ಲುವ ಪ್ರಮಾಣವನ್ನು ವಿಷದ ಅಳತೆಗೋಲಾಗಿ ಬಳಸುವ ಪದ್ಧತಿಯನ್ನು ಇಂಗ್ಲೆಂಡಿನ ಟ್ರೆವನ್ 1927ರಲ್ಲಿ ತಂದನು. ಡಿಜಿಟಾಲಿಸ್, ಇನ್ಸುಲಿನ್ ಮೊದಲಾದ ಔಷಧಗಳ ಬಲವನ್ನು ಸಮನಾಗಿ ಅಳೆಯುವುದು ಅವನ ಗುರಿಯಾಗಿತ್ತು. ಮುಂದೆ ಅದೇ ಅಳತೆಯನ್ನು ಎಲ್ಲ ಪದಾರ್ಥಗಳಿಗೂ ಯಾಂತ್ರಿಕವಾಗಿ ಅನ್ವಯಿಸಿ ಲೆಕ್ಕವಿಲ್ಲದಷ್ಟು ಪ್ರಾಣಿಗಳನ್ನು ವ್ಯಯಮಾಡಲಾಯಿತು. ಓ.ಇ.ಸಿ.ಡಿ. ಎಂಬ ಅಂತರರಾಷ್ಟ್ರೀಯ ಸಂಸ್ಥೆಯು 1981ರಲ್ಲಿ ಈ ಪರೀಕ್ಷೆಗೆ ವಿಧಿಸಿದ್ದ 401ನೆಯ ಮಾರ್ಗಸೂಚಿಯನ್ನು 2002ರಲ್ಲಿ ತಾನೇ ರದ್ದುಮಾಡಿತು. ಈಗ ನಮ್ಮಲ್ಲಿ ಬಹಳವಾಗಿ ಅನುಸರಿಸುವುದು 423ನೆಯ ಮಾರ್ಗಸೂಚಿಯನ್ನು. ಒಂದು ರಾತ್ರಿ ಆಹಾರ ಕೊಡದೆ ಇಟ್ಟ ಮೂರು ಹೆಣ್ಣು ಇಲಿಗಳಿಗೆ, ದೇಹದ ಪ್ರತಿ ಕಿಲೋಗ್ರಾಂ ತೂಕಕ್ಕೆ 5, 50, 300 ಅಥವಾ 2000 ಮಿಲಿಗ್ರಾಂಗಳಲ್ಲಿ ಒಂದು ಪ್ರಮಾಣವನ್ನು ಸೂಜಿಯಂಥ ಕೊಳವೆಯಿಂದ ನೇರವಾಗಿ ಜಠರಕ್ಕೆ ಬಿಡುತ್ತಾರೆ. ಮೊದಲ ಅರ್ಧ ಗಂಟೆ, ಮೊದಲ ದಿನ, ಬಳಿಕ ಹದಿನಾಲ್ಕು ದಿನಗಳವರೆಗೆ ಅವುಗಳ ನಡೆ, ಉಸಿರು, ನಡುಕ, ಮಲಮೂತ್ರ, ತೂಕಗಳನ್ನು ಗಮನಿಸುತ್ತಾರೆ. ಸಾವು ಸಂಭವಿಸಿದರೆ ಕೆಳಗಿನ ಪ್ರಮಾಣಕ್ಕೆ ಇಳಿಯುವುದು, ಇಲ್ಲವಾದರೆ ಅದೇ ಪ್ರಮಾಣದಲ್ಲಿ ಮತ್ತೆ ಮೂರನ್ನು ಪರೀಕ್ಷಿಸುವುದು ಅಥವಾ ಮೇಲಕ್ಕೆ ಹೋಗುವುದು ಕ್ರಮ. ಬಹುಪಾಲು ಸಸ್ಯಸಾರಗಳು ಮೇಲಿನ ಎಲ್ಲೆಯಾದ 2000 ಮಿಲಿಗ್ರಾಂ ಪ್ರಮಾಣದಲ್ಲಿಯೂ ಇಲಿಯನ್ನು ಕೊಲ್ಲುವುದಿಲ್ಲ. ಅಲ್ಲಿಗೆ ನಮ್ಮ ವಿದ್ಯಾರ್ಥಿಯು ‘ಸುರಕ್ಷಿತ’ ಎಂದು ಬರೆದುಬಿಡುತ್ತಾನೆ.

ಈ ಪ್ರಮಾಣವನ್ನು ಮನುಷ್ಯನಿಗೆ ಹೊಂದಿಸಿ ನೋಡೋಣ. ಚಿಕ್ಕ ಪ್ರಾಣಿಯ ದೇಹದಲ್ಲಿ ಚಯಾಪಚಯವು ತೂಕದ ಹೋಲಿಕೆಯಲ್ಲಿ ವೇಗವಾಗಿ ನಡೆಯುವುದರಿಂದ, ತೂಕದ ನೇರ ಲೆಕ್ಕವು ಸಲ್ಲದು. ದೇಹದ ಮೇಲ್ಮೈಯ ವಿಸ್ತಾರವನ್ನು ಆಧರಿಸಿ ಇಲಿಯ ಪ್ರಮಾಣವನ್ನು 6.2ರಿಂದಲೂ ಸುಂಡಿಲಿಯ ಪ್ರಮಾಣವನ್ನು 12.3ರಿಂದಲೂ ಭಾಗಿಸುವುದು ವಾಡಿಕೆ. ಹಾಗೆ ಮಾಡಿದರೆ ಇಲಿಯ 2000 ಮಿಲಿಗ್ರಾಂ ಮನುಷ್ಯನಲ್ಲಿ ಸುಮಾರು 323 ಮಿಲಿಗ್ರಾಂ ಆಗುತ್ತದೆ. 60 ಕಿಲೋ ತೂಕದವನಿಗೆ ಒಟ್ಟು 19 ಗ್ರಾಂಗಿಂತ ಕೊಂಚ ಹೆಚ್ಚು. ನೂರು ಗ್ರಾಂ ಒಣ ಎಲೆಯಿಂದ ಹತ್ತು ಗ್ರಾಂ ಸಾರ ಬರುವುದೆಂದು ಇಟ್ಟುಕೊಂಡರೆ, ಇದು ಸುಮಾರು 190 ಗ್ರಾಂ ಒಣ ಎಲೆಗೆ ಸಮ. ಮೇಲ್ನೋಟಕ್ಕೆ ಇದು ದೊಡ್ಡ ಪ್ರಮಾಣವೇ ಹೌದು. ಆದರೆ ಇದು ಒಂದೇ ಸಲ, ಆರೋಗ್ಯವಾಗಿರುವ ಆರು ಎಳೆಯ ಇಲಿಗಳು ಎರಡು ವಾರದೊಳಗೆ ಸಾಯಲಿಲ್ಲವೆಂಬುದನ್ನು ಮಾತ್ರ ತಿಳಿಸುತ್ತದೆ. ಯಕೃತ್ತು ಕೆಟ್ಟಿತೋ, ಗರ್ಭದ ಮೇಲೆ ಪರಿಣಾಮವಾಯಿತೋ, ದಿನಾಲೂ ಮೂರು ತಿಂಗಳು ಕುಡಿದರೆ ಏನಾದೀತೋ ಎಂಬುದನ್ನು ಇದು ತಿಳಿಸಲಾರದು. ಹೊಸ ಔಷಧದ ಮೊದಲ ಮಾನವ ಪ್ರಮಾಣವನ್ನು ನಿಶ್ಚಯಿಸುವವರು ಸಾಯಿಸದ ಪ್ರಮಾಣದಿಂದ ಹೊರಡುವುದಿಲ್ಲ. ದೀರ್ಘ ಪರೀಕ್ಷೆಯಲ್ಲಿ ಯಾವ ಕೆಡುಕೂ ಕಾಣದ ಪ್ರಮಾಣದಿಂದ ಹೊರಟು, ಅದನ್ನು ಮತ್ತೆ ಕನಿಷ್ಠ ಹತ್ತರಿಂದ ಭಾಗಿಸುತ್ತಾರೆ.

ಇನ್ನು ಪ್ರಾಣಿಯ ಜಾತಿಯ ಪ್ರಶ್ನೆ. ಬಾಯಿಯ ಮೂಲಕ ಕೊಟ್ಟ ನಿಕೋಟಿನ್ನಿನ ಅರ್ಧಮಾರಕ ಪ್ರಮಾಣವು ಇಲಿಯಲ್ಲಿ ಕಿಲೋಗೆ ಸುಮಾರು 50 ಮಿಲಿಗ್ರಾಂ ಎಂದೂ ಸುಂಡಿಲಿಯಲ್ಲಿ ಸುಮಾರು 3.3 ಮಿಲಿಗ್ರಾಂ ಎಂದೂ ಕೈಪಿಡಿಗಳಲ್ಲಿ ಕೊಟ್ಟಿರುತ್ತಾರೆ. ಮೇಲೆ ಹೇಳಿದ ಲೆಕ್ಕದಂತೆ 60 ಕಿಲೋ ತೂಕದ ಮನುಷ್ಯನಿಗೆ ಸುಂಡಿಲಿಯ ಅಂಕೆಯಿಂದ ಸುಮಾರು 16 ಮಿಲಿಗ್ರಾಂ ಬರುತ್ತದೆ, ಇಲಿಯ ಅಂಕೆಯಿಂದ ಸುಮಾರು 484 ಮಿಲಿಗ್ರಾಂ ಬರುತ್ತದೆ. ಒಂದೇ ವಿಷ, ಒಂದೇ ಸೂತ್ರ. ಉತ್ತರಗಳ ನಡುವೆ ಮೂವತ್ತು ಪಟ್ಟು ಅಂತರ! ಮನುಷ್ಯನಿಗೆ 60 ಮಿಲಿಗ್ರಾಂ ಮಾರಕವೆಂಬ ಮಾತು ಶತಮಾನಕ್ಕೂ ಮಿಕ್ಕಿ ಪಠ್ಯಪುಸ್ತಕದಿಂದ ಪಠ್ಯಪುಸ್ತಕಕ್ಕೆ ನಡೆದುಬಂದಿತ್ತು. ಆಸ್ಟ್ರಿಯದ ಗ್ರಾಟ್ಸ್ ವಿಶ್ವವಿದ್ಯಾಲಯದ ಬರ್ನ್ಡ್ ಮೇಯರ್ 2014ರಲ್ಲಿ ಈ ಅಂಕೆಯ ಮೂಲವನ್ನು ಹುಡುಕಿ ಹೊರಟು, ಅದು ಹತ್ತೊಂಬತ್ತನೆಯ ಶತಮಾನದ ನಡುವೆ ನಡೆದ, ನಂಬಲರ್ಹವಲ್ಲದ ಸ್ವಪ್ರಯೋಗಗಳನ್ನು ಆಧರಿಸಿದುದೆಂದು ತೋರಿಸಿದನು. ಮಾರಕ ಪ್ರಮಾಣವು 500 ಮಿಲಿಗ್ರಾಂಗಳಿಂದ ಒಂದು ಗ್ರಾಂವರೆಗೆ ಇರಬೇಕೆಂದು ಅವನ ತರ್ಕ. ಇಲ್ಲಿ ಇಲಿಯು ಸುಂಡಿಲಿಗಿಂತ ಮನುಷ್ಯನಿಗೆ ಹತ್ತಿರವಾಗಿ ಕಂಡಿತು. ಬೇರೆ ಪದಾರ್ಥದಲ್ಲಿ ಇದು ತಿರುಗುಮುರುಗಾಗಬಹುದು. ಆದುದರಿಂದಲೇ ಔಷಧಗಳ ವಿಷಯದಲ್ಲಿ ಮೂಷಕವರ್ಗದ ಒಂದು ಪ್ರಾಣಿಯಲ್ಲದೆ ಇನ್ನೊಂದು ವರ್ಗದ ಪ್ರಾಣಿಯನ್ನೂ ಪರೀಕ್ಷಿಸಬೇಕೆಂಬ ನಿಯಮ ಬಂದಿದೆ.

ಮಾರ್ಗದ ಪ್ರಶ್ನೆಯು ನಿಪ್ಪಾಣಿಯ ಮಟ್ಟಿಗೆ ಇದಕ್ಕಿಂತಲೂ ಮುಖ್ಯವಾದುದು. ನುಂಗಿದ ನಿಕೋಟಿನ್ನಿನ ಬಹುಭಾಗವು ಕರುಳಿನಿಂದ ಯಕೃತ್ತಿಗೆ ಹೋಗಿ ಅಲ್ಲಿಯೇ ಮಾರ್ಪಾಟು ಹೊಂದುತ್ತದೆ. ರಕ್ತದಲ್ಲಿ ಮೈಯೆಲ್ಲ ಹರಿಯುವುದು ಉಳಿದ ಅಂಶ. ಚರ್ಮದಿಂದಲೋ ಶ್ವಾಸಕೋಶದಿಂದಲೋ ಸೇರಿದ ನಿಕೋಟಿನ್ನಿಗೆ ಈ ತಡೆ ಇಲ್ಲ. ಇಬ್ಬನಿಯಿಂದ ಒದ್ದೆಯಾದ ತಂಬಾಕಿನ ಎಲೆಯನ್ನು ಕೊಯ್ಯುವವರಲ್ಲಿ ತಲೆಸುತ್ತು, ವಾಂತಿ, ತಲೆನೋವು, ನಿಶ್ಶಕ್ತಿಗಳು ಕಾಣಿಸಿಕೊಳ್ಳುವುದನ್ನು ಅಮೆರಿಕದ ಫ್ಲಾರಿಡಾದ ವೈದ್ಯರು 1970ರಲ್ಲಿ ವರದಿಮಾಡಿದರು; ಅದಕ್ಕೆ ‘ಹಸಿ ತಂಬಾಕಿನ ಬೇನೆ’ ಎಂಬ ಹೆಸರು ನಿಂತಿತು. ನಮ್ಮ ದೇಶದಲ್ಲಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ತಂಬಾಕಿನ ಹೊಲಗಳ ಕೂಲಿಕಾರರನ್ನು ಕುರಿತ ಸಮೀಕ್ಷೆಯನ್ನು 1979ರಲ್ಲಿ ಪ್ರಕಟಿಸಿದರು. ಈ ಕೂಲಿಕಾರರು ಯಾರೂ ಸಾರವನ್ನು ಕುಡಿದವರಲ್ಲ. ನಿಕೋಟಿನ್ನು ಅವರ ಅಂಗೈಯಿಂದಲೂ ಒದ್ದೆಯಾದ ಬಟ್ಟೆಯಿಂದಲೂ ಇಳಿದಿತ್ತು. ತಂಬಾಕಿನ ಪುಡಿಯನ್ನು ನೀರಿನಲ್ಲಿ ನೆನೆಹಾಕಿ, ಸಾಬೂನು ಬೆರೆಸಿ ಹೇನುಹುಳುಗಳ ಮೇಲೆ ಸಿಂಪಡಿಸುವ ರೈತನೂ ಇದನ್ನು ಅರಿತಿರಬೇಕು. ಅವನು ತಯಾರಿಸುವುದು ನಿಜವಾದ ಒಂದು ಸಸ್ಯಸಾರವನ್ನೇ. ಅದರ ಪ್ರಬಲ ರೂಪವಾದ ನಿಕೋಟಿನ್ ಸಲ್ಫೇಟನ್ನು ಭಾರತದಲ್ಲಿ ಬಳಸಲು ನಿಷೇಧವಿದ್ದು, ರಫ್ತಿಗಾಗಿ ಮಾತ್ರ ತಯಾರಿಸಬಹುದಾಗಿದೆ. ಗಿಡದಿಂದ ಬಂದ ಕೀಟನಾಶಕವೆಂಬ ಕಾರಣಕ್ಕೆ ಅದಕ್ಕೆ ವಿನಾಯಿತಿ ದೊರೆಯಲಿಲ್ಲ.

ಕಾಲಾವಧಿಯ ವಿಷಯದಲ್ಲಿ ತಂಬಾಕಿನ ಇತಿಹಾಸವೇ ದೊಡ್ಡ ಪಾಠ. ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ಸಂಬಂಧವನ್ನು 1950ರಲ್ಲಿ ಇಂಗ್ಲೆಂಡಿನ ಡಾಲ್ ಮತ್ತು ಹಿಲ್, ಅಮೆರಿಕದ ವಿಂಡರ್ ಮತ್ತು ಗ್ರೇಯಮ್ ರೋಗಿಗಳನ್ನು ವಿಚಾರಿಸಿಯೇ ತೋರಿಸಿದರು. ಮೂರು ವರ್ಷಗಳ ಮೇಲೆ, 1953ರಲ್ಲಿ, ವಿಂಡರ್, ಗ್ರೇಯಮ್ ಮತ್ತು ಕ್ರೋನಿಂಗರ್ ಸಿಗರೇಟಿನ ಹೊಗೆಯ ಟಾರನ್ನು ಸುಂಡಿಲಿಗಳ ಬೆನ್ನಿಗೆ ತಿಂಗಳುಗಟ್ಟಲೆ ಹಚ್ಚಿದಾಗ ನೂರಕ್ಕೆ 44ರಲ್ಲಿ ಕ್ಯಾನ್ಸರ್ ಉಂಟಾಯಿತು. ಆದರೆ ಹೊಗೆಯನ್ನು ಉಸಿರಾಡಿದ ಪ್ರಾಣಿಗಳಲ್ಲಿ ಶ್ವಾಸಕೋಶದ ಕ್ಯಾನ್ಸರು ಬಹುಕಾಲ ಸರಿಯಾಗಿ ಕಾಣಿಸಿಕೊಳ್ಳಲಿಲ್ಲ. ಇಲಿಯ ಮೂಗಿನ ರಚನೆ ಬೇರೆ. ಅದು ಹೊಗೆಯನ್ನು ಮನುಷ್ಯನಂತೆ ಆಳವಾಗಿ ಎಳೆದುಕೊಳ್ಳುವುದಿಲ್ಲ. ಅದರ ಆಯುಸ್ಸೂ ಎರಡು-ಮೂರು ವರ್ಷ ಮಾತ್ರ. ಪ್ರಾಣಿಗಳಲ್ಲಿ ಸಿದ್ಧವಾಗಿಲ್ಲವೆಂಬ ಈ ಮಾತನ್ನು ಸಿಗರೇಟು ಕಂಪನಿಗಳು ತಮ್ಮ ಸಮರ್ಥನೆಗೆ ವರ್ಷಾನುಗಟ್ಟಲೆ ಬಳಸಿಕೊಂಡವು. ಇಲಿಗೆ ಏನೂ ಆಗಲಿಲ್ಲವೆಂಬ ಫಲಿತಾಂಶವು ಯಾರ ಕೈಗೆ ಹೋದರೆ ಏನಾಗುವುದೆಂಬುದನ್ನು ಸಂಶೋಧಕನು ಮರೆಯತಕ್ಕದ್ದಲ್ಲ.

ಬೀಡಿ ತಂಬಾಕಿನ ಮೇಲೆಯೂ ಕೆಲಸ ನಡೆದಿದೆ. ಹದಗೊಳಿಸಿದ ಬೀಡಿ ತಂಬಾಕಿನ ಸಾರವು ಬ್ಯಾಕ್ಟೀರಿಯಗಳ ಅನುವಂಶೀಯ ದ್ರವ್ಯದಲ್ಲಿ ಬದಲಾವಣೆಯನ್ನು ಉಂಟುಮಾಡುವುದೆಂಬುದನ್ನು ಮುಂಬಯಿಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯ ವಿಜ್ಞಾನಿಗಳು 1991ರಲ್ಲಿ ಪ್ರಕಟಿಸಿದರು. ಅದೇ ದಶಕದಲ್ಲಿ ಅವರು ತಂಬಾಕನ್ನು ಹದಗೊಳಿಸುವ ಕೆಲಸದವರ ರಕ್ತವನ್ನೂ ಪರೀಕ್ಷಿಸಿ, ವರ್ಣತಂತುಗಳಲ್ಲಿ ಹೆಚ್ಚಿನ ದೋಷಗಳನ್ನು ಕಂಡರು. ಪ್ರಯೋಗಶಾಲೆಯ ಸಾರದಿಂದ ಹೊರಟು ಕೆಲಸಗಾರರ ಮೈಗೆ ಬಂದು ಮುಟ್ಟುವ ಈ ಕ್ರಮವು ನಮಗೆ ಅನುಕರಣೀಯವಾಗಿ ತೋರುತ್ತದೆ. ತಂಬಾಕಿನ ಮುಖ್ಯವಾದ ಎರಡು ನೈಟ್ರೊಸಮೀನುಗಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನ ಅಂಗವು ಮನುಷ್ಯನಿಗೆ ಕ್ಯಾನ್ಸರಕಾರಕಗಳೆಂದು 2007ರಲ್ಲಿ ಪ್ರಕಟವಾದ ತನ್ನ ಸಂಪುಟದಲ್ಲಿ ವರ್ಗೀಕರಿಸಿತು.

ಇಷ್ಟರಿಂದ ಪ್ರಾಣಿಪ್ರಯೋಗವೇ ವ್ಯರ್ಥವೆಂದು ವಾಚಕರು ತಿಳಿಯಬಾರದು. ಇದೇ ನಿಕೋಟಿನನ್ನು ಕೇಂಬ್ರಿಜಿನ ಲ್ಯಾಂಗ್ಲಿಯು 1889ರಲ್ಲಿ ಡಿಕಿನ್ಸನ್ನನೊಡನೆ ಪ್ರಾಣಿಗಳ ಕತ್ತಿನ ನರಗ್ರಂಥಿಗೆ ಸವರಿ, ಯಾವ ನರಗಳು ಆ ಗ್ರಂಥಿಯಲ್ಲಿ ನಿಂತು ಮುಂದುವರಿಯುವುವು ಎಂಬುದನ್ನು ಗುರುತಿಸಿದನು. ಮುಂದೆ 1905ರಲ್ಲಿ ಕೋಳಿಯ ಸ್ನಾಯುವಿನ ಮೇಲೆ ನಿಕೋಟಿನ್ನನ್ನೂ ಕುರಾರೆಯನ್ನೂ ಪ್ರಯೋಗಿಸಿ, ಜೀವಕೋಶದಲ್ಲಿ ಔಷಧವನ್ನು ಗ್ರಹಿಸುವ ವಿಶೇಷ ದ್ರವ್ಯವಿದೆಯೆಂದು ಪ್ರತಿಪಾದಿಸಿದನು. ಇಂದಿನ ಔಷಧಶಾಸ್ತ್ರದಲ್ಲಿ ‘ಗ್ರಾಹಕ’ವೆಂಬ ಕಲ್ಪನೆಯ ಒಂದು ಬುಡ ಅಲ್ಲಿದೆ. ಅವನ ಪ್ರಶ್ನೆ ಚಿಕ್ಕದೂ ಸ್ಪಷ್ಟವೂ ಆಗಿತ್ತು. ಬಳಸಿದ ಪದಾರ್ಥವು ಶುದ್ಧವಾಗಿತ್ತು.

ಈಗ ಅರಿಷಿಣಕ್ಕೆ ಬರೋಣ. ಇದು ರಾಯಬಾಗ, ಚಿಕ್ಕೋಡಿಗಳ ಕಡೆ ಬೆಳೆಯುವ ಬೆಳೆ. ಗಡಿಯಾಚೆಯ ಸಾಂಗಲಿ ಅದರ ದೊಡ್ಡ ಪೇಟೆ. ಅದರ ಹಳದಿ ದ್ರವ್ಯವಾದ ಕರ್ಕುಮಿನ್ನನ್ನು ಪ್ರಾಣಿಗಳಿಗೆ ಬಹಳ ಕೊಟ್ಟರೂ ಕೆಡುಕು ಕಡಿಮೆ. ಆದರೆ ಗುಣವೂ ಕಡಿಮೆ, ಏಕೆಂದರೆ ಕರುಳಿನಲ್ಲಿಯೂ ಯಕೃತ್ತಿನಲ್ಲಿಯೂ ಅದು ಬೇಗನೆ ಮಾರ್ಪಟ್ಟು ರಕ್ತಕ್ಕೆ ಸೇರುವುದು ಅತ್ಯಲ್ಪ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇಲ್ಲಿ ಸ್ಮರಣೀಯ. ಅವರು ಕರ್ಕುಮಿನ್ನಿನೊಡನೆ ಕಾಳುಮೆಣಸಿನ ಪೈಪರಿನ್ನನ್ನು ಬೆರೆಸಿ ಇಲಿಗಳಿಗೂ ಆರೋಗ್ಯವಂತ ಸ್ವಯಂಸೇವಕರಿಗೂ ಕೊಟ್ಟರು. ರಕ್ತಕ್ಕೆ ದೊರೆತ ಕರ್ಕುಮಿನ್ನು ಇಲಿಗಳಲ್ಲಿ ನೂರಕ್ಕೆ 154ರಷ್ಟು ಹೆಚ್ಚಿತು. ಮನುಷ್ಯರಲ್ಲಿ ನೂರಕ್ಕೆ 2000ದಷ್ಟು. ಇಲಿಯನ್ನು ಮಾತ್ರ ನೋಡಿದ್ದರೆ ಪೈಪರಿನ್ನು ಸಾಮಾನ್ಯ ಸಹಾಯಕವೆಂದು ತೋರುತ್ತಿತ್ತು.

ಈ ಸಂಶೋಧನೆಯ ಬಳಿಕ ಅರಿಷಿಣದ ಸಾರವನ್ನೂ ಪೈಪರಿನ್ನನ್ನೂ ಕೂಡಿಸಿದ ಮಾತ್ರೆಗಳು ದೇಶವಿದೇಶಗಳ ಪೇಟೆಗೆ ಬಂದವು. ಅಡಿಗೆಯ ಅರಿಷಿಣಕ್ಕೂ ಇಂಥ ಮಾತ್ರೆಗೂ ಇರುವ ಅಂತರ ಸಣ್ಣದಲ್ಲ. ಅಮೆರಿಕದಲ್ಲಿ ಔಷಧಜನ್ಯ ಯಕೃತ್ತಿನ ರೋಗಗಳನ್ನು ದಾಖಲಿಸುವ ಜಾಲವು ಅರಿಷಿಣದ ಮಾತ್ರೆಗಳಿಗೆ ಸಂಬಂಧಿಸಿದ ಹತ್ತು ಪ್ರಕರಣಗಳನ್ನು 2022ರಲ್ಲಿ ವರದಿಮಾಡಿತು. ಆ ಹತ್ತು ಜನರಲ್ಲಿ ಏಳು ಮಂದಿ ರೋಗರಕ್ಷಣೆಗೆ ಸಂಬಂಧಿಸಿದ ಒಂದೇ ಬಗೆಯ ಆನುವಂಶಿಕ ಗುರುತನ್ನು ಹೊಂದಿದ್ದರು. ಒಂದೇ ತಳಿಯ, ಒಂದೇ ಆಹಾರದ, ಒಂದೇ ವಯಸ್ಸಿನ ಇಲಿಗಳಲ್ಲಿ ಈ ಬಗೆಯ ಅಪರೂಪದ ಅಪಾಯವು ಕಾಣಿಸುವ ಸಂಭವವೇ ಇಲ್ಲ.

ಗುಣವನ್ನು ಪರೀಕ್ಷಿಸುವಾಗಲೂ ಇದೇ ಎಚ್ಚರ ಬೇಕು. ಯಕೃತ್ತನ್ನು ಕಾಪಾಡುವ ಸಾರವೆಂದು ತೋರಿಸಲು ನಮ್ಮಲ್ಲಿ ಬಹಳ ಬಳಕೆಯಲ್ಲಿರುವ ವಿಧಾನವೆಂದರೆ, ಕೆಲವು ದಿನ ಇಲಿಗೆ ಸಾರವನ್ನು ಕೊಟ್ಟು, ಬಳಿಕ ಕಾರ್ಬನ್ ಟೆಟ್ರಾಕ್ಲೋರೈಡನ್ನು ಕೊಟ್ಟು, ರಕ್ತದಲ್ಲಿ ಯಕೃತ್ತಿನ ಕಿಣ್ವಗಳ ಏರಿಕೆಯನ್ನು ಅಳೆಯುವುದು. ಕಿಣ್ವಗಳು ಕಡಿಮೆ ಏರಿದರೆ ಸಾರವು ರಕ್ಷಕವೆಂದು ತೀರ್ಮಾನ. ಆದರೆ ಕಾರ್ಬನ್ ಟೆಟ್ರಾಕ್ಲೋರೈಡು ತಾನಾಗಿ ಅಷ್ಟು ವಿಷವಲ್ಲ. ಯಕೃತ್ತಿನದೇ ಕಿಣ್ವವೊಂದು ಅದನ್ನು ಒಡೆದಾಗ ಹುಟ್ಟುವ ತುಣುಕು ವಿಷ. ಸಾರವು ಆ ಕಿಣ್ವವನ್ನು ಅಡಗಿಸಿದರೂ ಇಲಿಯ ಯಕೃತ್ತು ಉಳಿಯುತ್ತದೆ. ಅಂಥ ಸಾರವು ಕಾಮಣಿಯಾದವನಿಗೆ ಯಾವ ಉಪಕಾರವನ್ನೂ ಮಾಡದೆ, ಅವನು ತೆಗೆದುಕೊಳ್ಳುವ ಬೇರೆ ಔಷಧಗಳ ವಿಲೇವಾರಿಯನ್ನು ಕೆಡಿಸಲೂ ಬಹುದು. ಕಾಯಿಲೆ ಬಂದ ಮೇಲೆ ಕೊಟ್ಟ ಸಾರಕ್ಕೂ ಬರುವ ಮೊದಲು ಕೊಟ್ಟ ಸಾರಕ್ಕೂ ವ್ಯತ್ಯಾಸವಿದೆ. ನಮ್ಮ ಹಳ್ಳಿಗಳಲ್ಲಿ ಯಾರೂ ಕಾಮಣಿ ಬರುವ ಮುನ್ನ ನೆಲನೆಲ್ಲಿಯನ್ನು ಅರೆಯುವುದಿಲ್ಲ.

ನ್ಯಾಯವಾಗಿ ಹೇಳುವುದಾದರೆ ನೆಲನೆಲ್ಲಿಗೆ ಇದಕ್ಕಿಂತ ಉತ್ತಮ ಪರೀಕ್ಷೆ ದೊರೆತಿದೆ. ಅಮೆರಿಕದ ವುಡ್‌ಚಕ್ ಎಂಬ ಪ್ರಾಣಿಗೆ ನಮ್ಮ ಬಿ ಬಗೆಯ ಕಾಮಣಿಯ ವೈರಸ್ಸನ್ನು ಹೋಲುವ ವೈರಸ್ಸು ತಗಲುತ್ತದೆ. ಆ ಪ್ರಾಣಿಯಲ್ಲಿ ನೆಲನೆಲ್ಲಿಯ ಸಾರವು ಫಲಕಾರಿಯಾಗಿ ಕಂಡುದನ್ನು 1987ರಲ್ಲಿ ಪ್ರಕಟಿಸಲಾಯಿತು. ಮರುವರ್ಷ ಮದರಾಸಿನಲ್ಲಿ ವೈರಸ್ಸನ್ನು ಹೊತ್ತಿದ್ದ 37 ಜನರಿಗೆ ಕೊಟ್ಟಾಗ 22 ಜನರ ರಕ್ತದಲ್ಲಿ ಅದರ ಗುರುತು ಮಾಯವಾಯಿತೆಂದು ವರದಿ ಬಂದಿತು. ಆಶೆ ಬಹಳವಾಯಿತು. ಆದರೆ ಮುಂದೆ ಥಾಯ್ಲೆಂಡ್, ನ್ಯೂಜಿಲೆಂಡ್ ಮೊದಲಾದ ಕಡೆಗಳಲ್ಲಿ ನಡೆದ ಪರೀಕ್ಷೆಗಳಲ್ಲಿ ಅದೇ ಫಲ ದೊರೆಯಲಿಲ್ಲ.

ಪ್ರಶ್ನೆಯು ಪ್ರಾಣಿಯನ್ನೇ ಕುರಿತದ್ದಾದರೆ ಕೆಲಸ ಸರಳ. ಕಾಂಗ್ರೆಸ್ ಕಸವು ದನಗಳಿಗೆ ಅಪಾಯವೇ ಎಂಬುದನ್ನು ತಿಳಿಯಲು ಬೆಂಗಳೂರಿನ ವಿಜ್ಞಾನಿಗಳು ಅದನ್ನು ಎಮ್ಮೆಯ ಕೋಣಗರುಗಳಿಗೂ ಮಿಶ್ರತಳಿಯ ಹೋರಿಗರುಗಳಿಗೂ ತಿನ್ನಿಸಿ ನೋಡಿದರು. ಹೆಚ್ಚಿನವು ಚರ್ಮದ ಹುಣ್ಣುಗಳಿಂದ ನರಳಿ 8ರಿಂದ 30 ದಿನಗಳೊಳಗೆ ಸತ್ತುದನ್ನು 1977ರಲ್ಲಿ ಪ್ರಕಟಿಸಿದರು. ಯಾವ ಸೂತ್ರದ ಭಾಗಾಕಾರವೂ ಅಲ್ಲಿ ಬೇಕಾಗಲಿಲ್ಲ.

ಆ ಕರುಗಳ ಸಂಕಟವನ್ನು ಓದುವಾಗ ಇನ್ನೊಂದು ಮಾತು ಸಹಜವಾಗಿ ಏಳುತ್ತದೆ. ಪ್ರಾಣಿಗಳನ್ನು ಕ್ರೌರ್ಯದಿಂದ ರಕ್ಷಿಸುವ ಕೇಂದ್ರ ಶಾಸನವು 1960ರಲ್ಲಿ ಬಂದಿತು. ಪ್ರಯೋಗಗಳ ನಿಯಂತ್ರಣದ ನಿಯಮಗಳು 1998ರಲ್ಲಿ ಬಂದವು. ಇಂದು ಯಾವ ಕಾಲೇಜಿನಲ್ಲಿಯೂ ಪ್ರಾಣಿಗೃಹವು ನೋಂದಾಯಿತವಾಗಿರಬೇಕು. ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆಯಿಲ್ಲದೆ ಒಂದು ಇಲಿಯನ್ನೂ ಮುಟ್ಟುವಂತಿಲ್ಲ. ರಸೆಲ್ ಮತ್ತು ಬರ್ಚ್ ಎಂಬವರು 1959ರಲ್ಲಿ ಹೇಳಿದ ಮೂರು ನಿಯಮಗಳು ಈ ಸಮಿತಿಗಳಿಗೆ ಆಧಾರ: ಪ್ರಾಣಿಯ ಬದಲು ಬೇರೆ ವಿಧಾನವಿದ್ದರೆ ಅದನ್ನು ಬಳಸುವುದು, ಸಂಖ್ಯೆಯನ್ನು ತಗ್ಗಿಸುವುದು, ನೋವನ್ನು ಕಡಿಮೆಮಾಡುವುದು. ಹಲವರು ಇವುಗಳನ್ನು ಅರ್ಜಿಯಲ್ಲಿ ತುಂಬಬೇಕಾದ ಕಾಲಮ್ಮುಗಳೆಂದು ಮಾತ್ರ ಎಣಿಸುತ್ತಾರೆ. ನಮಗೆ ತೋರುವಂತೆ, ಪ್ರಶ್ನೆಯೇ ಅಸ್ಪಷ್ಟವಾಗಿರುವ ಪ್ರಯೋಗದಲ್ಲಿ ಒಂದು ಇಲಿಯನ್ನು ವ್ಯಯಮಾಡಿದರೂ ಅದು ಹೆಚ್ಚೇ ಆಯಿತು. ಬೀಡಿ ತಂಬಾಕಿನ ಕೆಲಸದವರ ಮೂತ್ರದಲ್ಲಿ ಕೊಟಿನಿನ್ ಎಂಬ ನಿಕೋಟಿನ್ನಿನ ಪರಿಣತ ದ್ರವ್ಯವನ್ನು ಅಳೆದರೆ ತಿಳಿಯುವ ಸಂಗತಿಗಾಗಿ ಇಲಿಗೆ ಸಾರ ಕುಡಿಸುವ ಅಗತ್ಯವಿಲ್ಲ.

ಪ್ರಬಂಧ ಬರೆಯುವ ವಿದ್ಯಾರ್ಥಿಗೆ ನಮ್ಮ ಸೂಚನೆ ಇಷ್ಟೇ. ತೀವ್ರ ಪರೀಕ್ಷೆಯೊಂದನ್ನೇ ಮಾಡಿದ್ದರೆ ಕೊನೆಯ ವಾಕ್ಯವನ್ನು ಹೀಗೆ ಬರೆಯಲಿ: ‘ನೆರಳಿನಲ್ಲಿ ಒಣಗಿಸಿದ ಎಲೆಯ ಜಲಸಾರವನ್ನು ಕಿಲೋಗೆ 2000 ಮಿಲಿಗ್ರಾಂ ಪ್ರಮಾಣದಲ್ಲಿ ಒಂದು ಸಲ ಬಾಯಿಯಿಂದ ಕೊಟ್ಟಾಗ ಆರು ಹೆಣ್ಣು ಇಲಿಗಳಲ್ಲಿ ಹದಿನಾಲ್ಕು ದಿನಗಳೊಳಗೆ ಸಾವು ಸಂಭವಿಸಲಿಲ್ಲ.’ ಎಲೆಯನ್ನು ಎಲ್ಲಿಂದ, ಯಾವ ತಿಂಗಳಲ್ಲಿ ತಂದುದೆಂಬುದನ್ನೂ, ನೂರು ಗ್ರಾಂಗೆ ಎಷ್ಟು ಸಾರ ಬಂದಿತೆಂಬುದನ್ನೂ, ಅದರಲ್ಲಿ ಮುಖ್ಯ ದ್ರವ್ಯ ಎಷ್ಟಿತ್ತೆಂಬುದನ್ನೂ ಸೇರಿಸಲಿ. ಸಸ್ಯಮಾದರಿಯನ್ನು ಸಂಗ್ರಹದಲ್ಲಿಯೂ ಉಳಿದ ಸಾರವನ್ನು ಶೀತಪೆಟ್ಟಿಗೆಯಲ್ಲಿಯೂ ಇಟ್ಟು ಅವುಗಳ ಅಂಕೆಯನ್ನು ಬರೆದಿಡಲಿ. ಹಾಗೆ ಮಾಡಿದರೆ, 28 ದಿನಗಳ ಅಥವಾ 90 ದಿನಗಳ ಪರೀಕ್ಷೆಯನ್ನು ಕೈಕೊಳ್ಳುವ ಮುಂದಿನವನು ಅದೇ ಪದಾರ್ಥದಿಂದ ಹೊರಡಬಹುದು, ಮತ್ತು ಮೊದಲಿನ ಇಲಿಗಳನ್ನು ಎರಡನೆಯ ಸಲ ಸಾಯಿಸಬೇಕಾಗುವುದಿಲ್ಲ.